ಉಣ್ಣುವ ಜೋಳ ಬೇರೆ, ಬಿತ್ತನೆ ಜೋಳ ಬೇರೆ: ಮನೆ ಫೋಟೊಗಳನ್ನು ಮನೆಯಲ್ಲೇ ಕಾಪಾಡುವ ಬಗೆ

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೂ ಹಿಂದೆ ಕೋಡಿ ಬಿದ್ದಿದ್ದು 1933ರಲ್ಲಿ. ನಡುವೆ 89 ವರ್ಷ. ದಾವಣಗೆರೆಯಿಂದ ನಾವೆಲ್ಲ ಕಾರು ಮಾಡಿಕೊಂಡು ನೋಡಲು ಹೋದೆವು. ಅಪ್ಪ ನೀರಿನ ಎದುರು ತುಂಬಾ ಹೊತ್ತು ನಿಂತಿದ್ದರು. ‘ನಮ್ಮಪ್ಪ ಹೇಳ್ತಿದ್ದ ನೀರು ಇದು’ ಅಂದರು. ಅಮ್ಮ ಅದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಂಡಿದ್ದರು.

ಮರುವರ್ಷ ಅಪ್ಪ ತೀರಿಕೊಂಡರು. ಅದಾಗಿ ಕೆಲವು ತಿಂಗಳಿಗೆ ಅಮ್ಮನ ಫೋನಿನಲ್ಲಿ ಜಾಗ ಸಾಲದು ಅಂತ ಸೂಚನೆ ಬರತೊಡಗಿತು. ಫೋಟೊ ಎಲ್ಲ ಕ್ಲೌಡ್‌ನಲ್ಲಿ ಇರುತ್ತೆ, ಫೋನಿನಲ್ಲಿ ಇರೋದನ್ನ ಅಳಿಸಿದರೆ ಏನೂ ಆಗಲ್ಲ ಅಂತ ಯಾರೋ ಹೇಳಿದ್ದರು. ಅಮ್ಮ ಒಂದು ಮಧ್ಯಾಹ್ನ ಕೂತು ಹಳೆಯದನ್ನೆಲ್ಲ ಅಳಿಸಿದರು. ನಮಗೆ ಗೊತ್ತಾಗಿದ್ದು ಮೂರು ತಿಂಗಳ ಮೇಲೆ. ಅಷ್ಟು ಹೊತ್ತಿಗೆ ಕ್ಲೌಡ್‌ನಲ್ಲೂ ಹೋಗಿತ್ತು. ಅಲ್ಲಿನ ಕಸದ ಬುಟ್ಟಿಯೂ ತಾನಾಗಿಯೇ ಖಾಲಿಯಾಗಿತ್ತು. ತಂಗಿಗೆ ಮೆಸೇಜ್‌ನಲ್ಲಿ ಕಳಿಸಿದ್ದ ಒಂದು ಸಣ್ಣ ಪ್ರತಿ ಮಾತ್ರ ಉಳಿದಿದೆ. ಅದರಲ್ಲಿ ನೀರಿನ ಸದ್ದು ಇದೆ. ಅಪ್ಪನ ಮುಖ ಮಸುಕು.

ಅಮ್ಮ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೇಳಿದವರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಸಿಂಕ್ ಅನ್ನುವ ಒಂದು ಪದವನ್ನು ನಾವೆಲ್ಲ ಅರೆಬರೆ ಅರ್ಥ ಮಾಡಿಕೊಂಡಿದ್ದೆವು. ಆಮೇಲೆ ನಾನು ಈ ವಿಷಯವನ್ನು ಕೂತು ಕಲಿತೆ. ಈಗ ನಮ್ಮ ಮನೆ ಫೋಟೊಗಳು ದಾವಣಗೆರೆಯ ನಮ್ಮ ಮನೆಯ ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿ ಇವೆ. ಇನ್ನೊಂದು ಪ್ರತಿ ಚಿತ್ರದುರ್ಗದಲ್ಲಿ ತಂಗಿಯ ಮನೆಯ ಬೀರುವಿನಲ್ಲಿದೆ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತೇವೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಹೊಂಡದಿಂದ ಹೊಂಡಕ್ಕೆ

ಚಿತ್ರದುರ್ಗದ ಕೋಟೆ ಹತ್ತಿದವರು ಗೋಪಾಲಸ್ವಾಮಿ ಹೊಂಡ ನೋಡಿರುತ್ತೀರಿ. ಮಳೆಗಾಲದಲ್ಲಿ ಅದು ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರಿನ ಸಂತೆ ಹೊಂಡ. ಯಾರೂ ಕೊಡ ಹೊರಬೇಕಿಲ್ಲ. ದಾರಿ ಮಾಡಿಟ್ಟಿದ್ದಾರೆ, ನೀರು ತಾನೇ ಹೋಗುತ್ತದೆ.

ಸಿಂಕ್ ಕೂಡ ಹೀಗೇ. ಫೋನಿನಲ್ಲಿ ಒಂದು ಫೋಟೊ ತೆಗೆದರೆ ಅದು ತಾನಾಗಿ ಇನ್ನೊಂದು ಕಡೆಗೆ ಹೋಗುತ್ತದೆ. ಅದು ಕಂಪನಿಯ ಸರ್ವರ್ ಆಗಿರಬಹುದು, ನಿಮ್ಮ ಮನೆಯ ಕಂಪ್ಯೂಟರ್ ಆಗಿರಬಹುದು. ತತ್ವ ಒಂದೇ. ಎರಡು ಕಡೆ ಇರುವ ಫೋಲ್ಡರ್‌ಗಳು ಯಾವಾಗಲೂ ಒಂದೇ ಥರ ಇರಬೇಕು.

ಆ ‘ಒಂದೇ ಥರ’ ಅನ್ನುವುದರಲ್ಲೇ ಅಪಾಯ ಇರೋದು. ಮೇಲಿನ ಹೊಂಡಕ್ಕೆ ಕೊಳೆ ಬಿದ್ದರೆ ಕೆಳಗಿನ ಹೊಂಡಕ್ಕೂ ಬರುತ್ತದೆ. ಸಿಂಕ್ ಮಾಡುವ ಸಾಫ್ಟ್‌ವೇರ್‌ಗೆ ಹೊಸ ಫೋಟೊ ಬಂದಿದ್ದು ಒಂದು ಬದಲಾವಣೆ. ಹಳೇ ಫೋಟೊ ಅಳಿಸಿದ್ದೂ ಒಂದು ಬದಲಾವಣೆಯೇ. ಎರಡನ್ನೂ ಅದು ಅಷ್ಟೇ ನಿಷ್ಠೆಯಿಂದ ಆ ಕಡೆಗೆ ತಲುಪಿಸುತ್ತದೆ. ಫೋನ್, ಟ್ಯಾಬ್, ಲ್ಯಾಪ್‌ಟಾಪ್, ಕ್ಲೌಡ್ ನಾಲ್ಕೂ ಕಡೆ ಫೋಟೊ ಕಾಣುತ್ತಿದ್ದರೆ ನಾಲ್ಕು ಪ್ರತಿ ಇದೆ ಅಂದುಕೊಳ್ಳುತ್ತೇವೆ. ಒಂದು ಕಡೆ ಅಳಿಸಿದರೆ ನಾಲ್ಕೂ ಕಡೆ ಹೋಗುವಂತಿದ್ದರೆ ಅದು ಲೆಕ್ಕಕ್ಕೆ ಒಂದೇ ಪ್ರತಿ.

ನಮ್ಮಜ್ಜಿ ಹೊಳಲ್ಕೆರೆ ಕಡೆಯವರು. ಸುಗ್ಗಿ ಮುಗಿದ ಮೇಲೆ ಮೊದಲು ಬಿತ್ತನೆಗೆ ಒಳ್ಳೆ ತೆನೆ ಆರಿಸಿ ತೆಗೆದಿಡುತ್ತಿದ್ದರು. ಬೂದಿ, ಬೇವಿನ ಸೊಪ್ಪು ಹಾಕಿ ಗಡಿಗೆಯ ಬಾಯಿ ಕಟ್ಟುತ್ತಿದ್ದರು. ಮನೆಯಲ್ಲಿ ಹಿಟ್ಟು ಮುಗಿದರೂ ಆ ಗಡಿಗೆಗೆ ಯಾರೂ ಕೈ ಹಾಕುವಂತಿರಲಿಲ್ಲ. ಉಣ್ಣುವ ಜೋಳ ಬೇರೆ, ಬಿತ್ತನೆ ಜೋಳ ಬೇರೆ. ಸಿಂಕ್ ಆಗುವ ಫೋಲ್ಡರ್ ಉಣ್ಣುವ ಜೋಳ. ದಿನಾ ಅದರಲ್ಲೇ ಕೈಯಾಡಿಸುತ್ತೇವೆ. ಬ್ಯಾಕಪ್ ಅಂದರೆ ಬಿತ್ತನೆ ಗಡಿಗೆ. ದಿನದ ಕೆಲಸದಲ್ಲಿ ಏನು ತಪ್ಪಾದರೂ ಅದಕ್ಕೆ ತಟ್ಟಬಾರದು. ಸ್ವಂತ ವ್ಯವಸ್ಥೆ ಮಾಡಿಕೊಳ್ಳಲಿ, ದುಡ್ಡು ಕೊಟ್ಟು ಕ್ಲೌಡ್ ತೆಗೆದುಕೊಳ್ಳಲಿ, ಈ ಗಡಿಗೆ ಇಲ್ಲದಿದ್ದರೆ ಕೆಲಸ ಅರ್ಧಕ್ಕೇ ನಿಂತ ಹಾಗೆ.

ಕ್ಲೌಡ್ ಕೊಡುವುದು, ಕೊಡದಿರುವುದು

ದೊಡ್ಡ ಕ್ಲೌಡ್ ಕಂಪನಿಗಳು ನಮ್ಮ ಕಡತಗಳನ್ನು ಹಲವು ಡಿಸ್ಕ್‌ಗಳಲ್ಲಿ, ಬೇರೆ ಬೇರೆ ಕಟ್ಟಡಗಳಲ್ಲಿ ಇಡುತ್ತವೆ. ಒಂದು ಡಿಸ್ಕ್ ಕೆಟ್ಟರೆ ನಮಗೆ ಗೊತ್ತೂ ಆಗುವುದಿಲ್ಲ. ಮನೆಯಲ್ಲಿ ಒಂದು ಹಾರ್ಡ್‌ಡಿಸ್ಕ್ ಇಟ್ಟುಕೊಂಡು ಅಷ್ಟು ಗಟ್ಟಿಯಾಗಿ ಕಾಯುವುದು ಆಗದ ಮಾತು. ಇದನ್ನು ಮೊದಲೇ ಒಪ್ಪಿಕೊಳ್ಳಬೇಕು.

ಆದರೆ ನಿಯಮ ಅವರದು, ಅದು ಬದಲಾಗುತ್ತದೆ. ಗೂಗಲ್ ಫೋಟೋಸ್ 2015ರಲ್ಲಿ ಬಂದಾಗ, ಸ್ವಲ್ಪ ಕುಗ್ಗಿಸಿದ ಫೋಟೊಗಳನ್ನು ಎಷ್ಟು ಬೇಕಾದರೂ ಉಚಿತವಾಗಿ ಇಡಬಹುದಿತ್ತು. 2021ರ ಜೂನ್ 1ರಿಂದ ಅದು ನಿಂತಿತು. ಈಗ ಉಚಿತವಾಗಿ ಸಿಗುವ 15 ಜಿಬಿಯಲ್ಲೇ ಜಿಮೇಲ್, ಡ್ರೈವ್, ಫೋಟೊ ಮೂರೂ ಹಿಡಿಸಬೇಕು. ಒಂದು ಫೋಟೊ 4 ಎಂಬಿ ಅಂತ ಹಿಡಿದರೆ, ಬೇರೇನೂ ಇಲ್ಲದಿದ್ದರೂ 4,000ಕ್ಕಿಂತ ಕಡಿಮೆ ಫೋಟೊ. ಒಂದು ಮದುವೆ, ಒಂದು ದುಗ್ಗಮ್ಮನ ಜಾತ್ರೆ, ಒಂದು ಮಗು. ಮುಗಿಯಿತು.

ಇನ್ನೊಂದು ನಿಯಮ ತುಂಬಾ ಜನಕ್ಕೆ ಗೊತ್ತಿಲ್ಲ. ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಖಾತೆಗಳನ್ನು, ಅದರಲ್ಲಿರುವ ಫೋಟೊ ಸಮೇತ ಅಳಿಸಬಹುದು ಅಂತ ಗೂಗಲ್ 2023ರಲ್ಲಿ ಪ್ರಕಟಿಸಿತು. ಅಳಿಸುವಿಕೆ ಆ ವರ್ಷದ ಡಿಸೆಂಬರ್‌ಗಿಂತ ಮೊದಲು ಶುರುವಾಗುವುದಿಲ್ಲ ಅಂತಲೂ ಹೇಳಿತು. ತೀರಿಕೊಂಡವರ ಫೋನು ಕಪಾಟಿನಲ್ಲಿ ಸುಮ್ನೆ ಬಿದ್ದಿರುತ್ತದೆ ಅಲ್ವಾ? ಆ ಖಾತೆಯಲ್ಲಿ ಫೋಟೊ ಇದ್ದರೆ ಇವತ್ತೇ ಒಮ್ಮೆ ತೆರೆದು ನೋಡಿ, ಇಳಿಸಿಕೊಳ್ಳಿ.

ಖಾತೆಯೇ ಮುಚ್ಚಿಹೋಗುವ ಸಂಭವವೂ ಇದೆ. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ಪ್ರಕರಣ ವರದಿ ಮಾಡಿತು. ಅಮೆರಿಕದ ಒಬ್ಬ ತಂದೆ ವೈದ್ಯರಿಗೆ ತೋರಿಸಲು ತನ್ನ ಮಗುವಿನ ಕಾಯಿಲೆಯ ಫೋಟೊ ತೆಗೆದಿದ್ದರು. ಗೂಗಲ್‌ನ ಯಂತ್ರ ಅದನ್ನು ಅಪರಾಧ ಅಂತ ಗುರುತಿಸಿತು, ಖಾತೆ ಮುಚ್ಚಿಹೋಯಿತು. ಪೊಲೀಸರು ಏನೂ ತಪ್ಪಿಲ್ಲ ಅಂದ ಮೇಲೂ ಅವರಿಗೆ ಖಾತೆ ವಾಪಸ್ ಸಿಗಲಿಲ್ಲ. ಇಂಥದ್ದು ಅಪರೂಪ. ಆದರೆ ಎಲ್ಲ ಫೋಟೊ ಒಂದೇ ಬಾಗಿಲ ಹಿಂದೆ ಇದ್ದು, ಕೀಲಿ ನಮ್ಮ ಹತ್ತಿರ ಇಲ್ಲದಿದ್ದರೆ ಆ ಅಪರೂಪ ನಮ್ಮ ಪಾಲಿಗೂ ಬರಬಹುದು.

ಇಷ್ಟು ಹೇಳಿದರೂ ಅಮ್ಮನ ಫೋನಿನಿಂದ ಕ್ಲೌಡ್ ಅನ್ನು ನಾನು ತೆಗೆದಿಲ್ಲ. ಅವರಿಗೆ ಅದು ಅಭ್ಯಾಸ. ಅದರ ಜೊತೆಗೆ ನಮ್ಮದೂ ಒಂದು ಇದೆ, ಅಷ್ಟೇ. ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ಏನಿಲ್ಲ.

ಬೆರಳಚ್ಚು ನೋಡಿ ಗುರುತು ಹಿಡಿಯುವ ಸಿಂಕ್‌ಥಿಂಗ್

ಸ್ವಂತ ಸಿಂಕ್‌ಗೆ ನಾನು ಬಳಸುವುದು ಸಿಂಕ್‌ಥಿಂಗ್. ಯಾಕೋಬ್ ಬೋರ್ಗ್ ಎಂಬವರು 2013ರಲ್ಲಿ ಶುರು ಮಾಡಿದ್ದು. ಉಚಿತ, ಮೂಲ ಕೋಡ್ ಯಾರು ಬೇಕಾದರೂ ನೋಡಬಹುದು. ಇದರಲ್ಲಿ ನಡುವೆ ಫೋಟೊ ಇಟ್ಟುಕೊಳ್ಳುವ ಸರ್ವರ್ ಇಲ್ಲ. ನಿಮ್ಮ ಫೋನು, ನಿಮ್ಮ ಕಂಪ್ಯೂಟರು ನೇರವಾಗಿ ಮಾತಾಡಿಕೊಳ್ಳುತ್ತವೆ.

ಮೊದಲು ಪರಿಚಯ ಆಗಬೇಕು. ಪ್ರತಿ ಸಾಧನಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಏಳೇಳು ಅಕ್ಷರಗಳ ಎಂಟು ಗುಂಪು, ಒಟ್ಟು 56 ಅಕ್ಷರ. ಫೋನಿನದನ್ನು ಕಂಪ್ಯೂಟರ್‌ಗೆ, ಕಂಪ್ಯೂಟರಿನದನ್ನು ಫೋನಿಗೆ ಕೊಡಬೇಕು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬರೆಯುವ ಕಷ್ಟ ಇಲ್ಲ. ಎರಡೂ ಕಡೆ ‘ಹೌದು, ಇವರು ನಮ್ಮವರು’ ಅಂತ ಒಪ್ಪಬೇಕು. ಒಂದು ಕಡೆ ಮಾತ್ರ ಒಪ್ಪಿದರೆ ಏನೂ ಹರಿಯುವುದಿಲ್ಲ.

ಆಮೇಲೆ ಲೆಕ್ಕ ಶುರು. ಪ್ರತಿ ಕಡತವನ್ನೂ ಅದು ತುಂಡು ತುಂಡಾಗಿ ನೋಡುತ್ತದೆ. ಸಣ್ಣ ಕಡತಕ್ಕೆ 128 ಕೆಬಿಯ ತುಂಡು, ತುಂಬಾ ದೊಡ್ಡದಕ್ಕೆ 16 ಎಂಬಿಯವರೆಗೆ. ಒಂದೊಂದು ತುಂಡಿಗೂ ಒಂದು ಬೆರಳಚ್ಚು ತೆಗೆಯುತ್ತದೆ. ಇದು ಗಣಿತದ ಬೆರಳಚ್ಚು. ತುಂಡಿನಲ್ಲಿ ಒಂದು ಚುಕ್ಕಿ ಬದಲಾದರೂ ಅಚ್ಚು ಪೂರ್ತಿ ಬೇರೆಯಾಗುತ್ತದೆ. ಎರಡೂ ಸಾಧನಗಳು ಮೊದಲು ಈ ಅಚ್ಚುಗಳ ಪಟ್ಟಿಯನ್ನು ಮಾತ್ರ ಬದಲಿಸಿಕೊಳ್ಳುತ್ತವೆ. ‘ನನ್ನ ಹತ್ತಿರ ಇವು ಇವೆ, ನಿನ್ನ ಹತ್ತಿರ ಯಾವುದಿಲ್ಲ?’ ಇಲ್ಲದ ತುಂಡುಗಳನ್ನಷ್ಟೇ ಕಳಿಸುತ್ತವೆ. 1 ಜಿಬಿಯ ವಿಡಿಯೊ ಅರ್ಧ ಹೋದಾಗ ಕರೆಂಟ್ ಹೋಯಿತು ಅಂದುಕೊಳ್ಳಿ. ಬಂದ ಮೇಲೆ ಮೊದಲಿಂದ ಶುರು ಮಾಡಬೇಕಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಇದು ದೊಡ್ಡ ಉಪಕಾರ. ತಲುಪಿದ ತುಂಡಿನ ಅಚ್ಚನ್ನು ಆ ಕಡೆ ಮತ್ತೆ ತೆಗೆದು ತಾಳೆ ನೋಡುತ್ತದೆ. ದಾರಿಯಲ್ಲಿ ಕೆಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಒಂದು ಷರತ್ತು ಇದೆ. ಎರಡು ಸಾಧನಗಳೂ ಒಂದೇ ಹೊತ್ತಿಗೆ ಎಚ್ಚರ ಇರಬೇಕು. ನಡುವೆ ಹಿಡಿದಿಟ್ಟುಕೊಳ್ಳುವವರು ಯಾರೂ ಇಲ್ಲವಲ್ಲ. ಅದಕ್ಕೇ ಮನೆಯಲ್ಲಿ ಯಾವಾಗಲೂ ಚಾಲೂ ಇರುವ ಒಂದು ಯಂತ್ರ ಬೇಕು. ಅದರ ಮಾತು ಮುಂದೆ ಬರುತ್ತದೆ.

ಐಫೋನ್ ಇರುವವರಿಗೆ ಸಿಂಕ್‌ಥಿಂಗ್ ಸ್ವಲ್ಪ ಕಷ್ಟ. ಮೋಬಿಯಸ್ ಸಿಂಕ್ ಅನ್ನುವ ಆ್ಯಪ್ ಇದೆ. ಆದರೆ ಹಿನ್ನೆಲೆಯಲ್ಲಿ ಸದಾ ಓಡಲು ಆ ಫೋನು ಬಿಡುವುದಿಲ್ಲ, ಆಗಾಗ ತೆರೆಯಬೇಕು. ಆಂಡ್ರಾಯ್ಡ್‌ನಲ್ಲೂ ಒಂದು ವಿಷಯ ತಿಳಿದಿರಲಿ. ಮೂಲ ತಂಡದ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತಿತು. ಈಗ ಬಳಸುವುದು ಸಿಂಕ್‌ಥಿಂಗ್-ಫೋರ್ಕ್, ಬೇರೆ ಸ್ವಯಂಸೇವಕರು ಮುಂದುವರಿಸಿದ್ದು. ಉಚಿತ ಸಾಫ್ಟ್‌ವೇರ್ ಕೂಡ ಹೀಗೆ ನಿಲ್ಲಬಹುದು. ನಿಂತಾಗ ನಮಗೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ಫೋಟೊಗಳು ಮಾಮೂಲಿ ಫೋಲ್ಡರ್‌ನಲ್ಲಿ ಮಾಮೂಲಿ ಕಡತಗಳಾಗಿಯೇ ಇದ್ದವು. ಆ್ಯಪ್ ಬದಲಿಸಿದೆವು. ನನಗೆ ಇದು ಸಿಂಕ್‌ಥಿಂಗ್‌ನ ಎಲ್ಲಕ್ಕಿಂತ ಒಳ್ಳೆಯ ಗುಣ.

ಎಲ್ಲರೂ ಎಡವುವ ಜಾಗ

ಈ ಭಾಗವನ್ನು ನಿಧಾನವಾಗಿ ಓದಿ. ನಮ್ಮ ಮನೆಯಲ್ಲಿ ಆದದ್ದು ಸ್ವಂತ ವ್ಯವಸ್ಥೆಯಲ್ಲೂ ಹಾಗೇ ಆಗಬಹುದು.

ಸಿಂಕ್‌ಥಿಂಗ್‌ನಲ್ಲಿ ಒಂದು ಫೋಲ್ಡರನ್ನು ‘ಕಳಿಸುವುದು ಮಾತ್ರ’ ಅಂತ ಇಡಬಹುದು, ಇನ್ನೊಂದು ಕಡೆ ‘ಪಡೆಯುವುದು ಮಾತ್ರ’ ಅಂತ ಇಡಬಹುದು. ಫೋನು ಕಳಿಸುತ್ತದೆ, ಮನೆ ಯಂತ್ರ ಪಡೆಯುತ್ತದೆ. ಇಷ್ಟು ಮಾಡಿದರೆ ಭದ್ರ ಅಂತ ನಾನೂ ಅಂದುಕೊಂಡಿದ್ದೆ. ಅದು ತಪ್ಪು. ‘ಕಳಿಸುವುದು ಮಾತ್ರ’ ಅಂದರೆ ಅಳಿಸಿದ ಸುದ್ದಿಯನ್ನೂ ಕಳಿಸುತ್ತದೆ. ಫೋನಿನಲ್ಲಿ ಅಳಿಸಿದ ಫೋಟೊ ಮನೆ ಯಂತ್ರದಲ್ಲೂ ಹೋಗುತ್ತದೆ. ಈ ಹೊಂದಿಕೆ ಕಾಪಾಡುವುದು ಒಂದನ್ನೇ: ಮನೆ ಯಂತ್ರದಲ್ಲಿ ಏನಾದರೂ ಎಡವಟ್ಟಾದರೆ ಅದು ಫೋನಿಗೆ ಬರುವುದಿಲ್ಲ.

ಅಳಿಸುವುದರಿಂದ ಕಾಪಾಡಲು ಇರುವುದು ಹಳೇ ಪ್ರತಿಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆ. ಮನೆ ಯಂತ್ರದಲ್ಲಿ ಅದನ್ನು ಆನ್ ಮಾಡಬೇಕು, ತಾನಾಗಿ ಇರುವುದಿಲ್ಲ. ಅದರಲ್ಲಿ ಕಸದ ಬುಟ್ಟಿ ಮಾದರಿ ಸುಲಭ. ಫೋನಿನಿಂದ ‘ಅಳಿಸು’ ಅಂತ ಸುದ್ದಿ ಬಂದಾಗ ಕಡತವನ್ನು ನಿಜವಾಗಿ ಅಳಿಸದೆ ಒಂದು ಮರೆಯ ಫೋಲ್ಡರ್‌ಗೆ ಸರಿಸುತ್ತದೆ. ಎಷ್ಟು ದಿನ ಇಡಬೇಕು ಅಂತ ನಾವೇ ಹೇಳಬಹುದು. ನಾನು 365 ಅಂತ ಕೊಟ್ಟಿದ್ದೇನೆ. ಸೊನ್ನೆ ಕೊಟ್ಟರೆ ತಾನಾಗಿ ಎಂದೂ ತೆಗೆಯುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಇದು ಬೇರೆ ಸಾಧನದಿಂದ ಬಂದ ಬದಲಾವಣೆಗೆ ಮಾತ್ರ. ಮನೆ ಯಂತ್ರದ ಮುಂದೆ ಕೂತು ನೀವೇ ಅಳಿಸಿದರೆ ಅದು ಹಿಡಿಯುವುದಿಲ್ಲ.

ಇದೂ ಬಿತ್ತನೆ ಗಡಿಗೆ ಆಗಲಿಲ್ಲ, ನೋಡಿ. ಅದೇ ಡಿಸ್ಕ್‌ನಲ್ಲಿ ಇದೆಯಲ್ಲ, ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತದೆ. ಹಾಗಾಗಿ ಮೂರನೆಯದೊಂದು ಬೇಕು. ಫೋಟೊ ಕೆಲಸದವರಲ್ಲಿ 3-2-1 ಅಂತ ಒಂದು ಲೆಕ್ಕ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ.

ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಲ್ಯಾಪ್‌ಟಾಪ್‌ಗೆ ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕ್ ಚುಚ್ಚುತ್ತೇನೆ. ರೆಸ್ಟಿಕ್ ಎಂಬ ಉಚಿತ ಸಾಫ್ಟ್‌ವೇರ್ ಅದಕ್ಕೆ ಬ್ಯಾಕಪ್ ಹಾಕುತ್ತದೆ. ಇದು ಸಿಂಕ್ ಅಲ್ಲ. ಆ ದಿನ ಫೋಲ್ಡರ್ ಹೇಗಿತ್ತೋ ಹಾಗೆ ಒಂದು ಚಿತ್ರಣ ತೆಗೆದಿಡುತ್ತದೆ. ಮುಂದಿನ ವಾರ ಇನ್ನೊಂದು. ಮೊದಲೇ ಇರುವುದನ್ನು ಮತ್ತೆ ಬರೆಯುವುದಿಲ್ಲ, ಹೊಸದನ್ನಷ್ಟೇ ಸೇರಿಸುತ್ತದೆ. ಅದಕ್ಕೇ ಜಾಗ ಜಾಸ್ತಿ ತಿನ್ನುವುದಿಲ್ಲ. ‘ಮಾರ್ಚ್ ಮೊದಲ ವಾರ ಏನಿತ್ತು ಕೊಡು’ ಅಂದರೆ ಕೊಡುತ್ತದೆ. ಎಲ್ಲವೂ ಪಾಸ್‌ವರ್ಡ್ ಹಾಕಿ ಗೂಢಲಿಪಿಯಲ್ಲಿ ಇರುತ್ತದೆ. ತಿಂಡಿ ಮುಗಿಯುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ, ಡಿಸ್ಕ್ ತೆಗೆದು ಬೀರುವಿಗೆ ಹಾಕುತ್ತೇನೆ. ತೆಗೆದಿಡುವುದು ಮುಖ್ಯ. ಸದಾ ಚುಚ್ಚಿಟ್ಟರೆ, ಕಂಪ್ಯೂಟರ್‌ಗೆ ವೈರಸ್ ಬಂದು ಎಲ್ಲ ಕಡತಕ್ಕೂ ಬೀಗ ಹಾಕಿದಾಗ ಆ ಡಿಸ್ಕ್‌ಗೂ ಹಾಕುತ್ತದೆ. ಪೆನ್‌ಡ್ರೈವ್ ಈ ಕೆಲಸಕ್ಕೆ ಬೇಡ. ವರ್ಷಗಟ್ಟಲೆ ಸುಮ್ನೆ ಇಟ್ಟರೆ ಅದರಲ್ಲಿರುವುದು ಮಾಸಬಹುದು.

ಅರವತ್ತು ಕಿಲೋಮೀಟರ್ ಆಚೆ

ಬೇರೆ ಊರಿನ ಪ್ರತಿಗೆ ಚಿತ್ರದುರ್ಗದಲ್ಲಿ ತಂಗಿಯ ಮನೆ ಇತ್ತು. ಹೆದ್ದಾರಿ 48ರಲ್ಲಿ ಸುಮಾರು 60 ಕಿಲೋಮೀಟರ್. ದಾವಣಗೆರೆಯ ಮನೆಗೆ ನೀರು ನುಗ್ಗಲಿ, ಕಳ್ಳತನ ಆಗಲಿ, ಅಲ್ಲಿ ಒಂದು ಪ್ರತಿ ಇರುತ್ತದೆ.

ಮೊದಲು ನೆಟ್‌ನಲ್ಲೇ ಕಳಿಸೋಣ ಅಂತಿದ್ದೆ. ಲೆಕ್ಕ ಹಾಕಿದೆ. ನಮ್ಮದು ಆಗ 300 ಜಿಬಿ. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 2.5 ಎಂಬಿ. 33 ಗಂಟೆ ಬೇಕು, ಅದೂ ಕರೆಂಟ್, ನೆಟ್ ಎರಡೂ ಒಮ್ಮೆಯೂ ಹೋಗದಿದ್ದರೆ. ಡಿಸ್ಕ್ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದರೆ ಅದೇ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ದುರ್ಗ. ಬಸ್ಸೇ ವಾಸಿ ಅನ್ನಿಸಿತು. ಈಗ ಎರಡು ಡಿಸ್ಕ್ ಇವೆ. ಹಬ್ಬಕ್ಕೆ ಹೋದಾಗ ಒಂದನ್ನು ಅಲ್ಲಿಟ್ಟು ಇನ್ನೊಂದನ್ನು ತರುತ್ತೇನೆ. ನಡುವೆ ಎರಡು ಮೂರು ತಿಂಗಳ ಅಂತರ ಬೀಳುತ್ತದೆ, ಅದು ನನಗೆ ಒಪ್ಪಿಗೆ.

ನೆಟ್‌ನಲ್ಲೇ ಮಾಡುವವರಿಗೂ ದಾರಿ ಇದೆ. 2021ರಿಂದ ಸಿಂಕ್‌ಥಿಂಗ್‌ನಲ್ಲಿ ಗೂಢಲಿಪಿಯಲ್ಲಿ ಮಾತ್ರ ಪಡೆಯುವ ಸೌಲಭ್ಯ ಬಂದಿದೆ. ನಿಮ್ಮ ಗೆಳೆಯರ ಕಂಪ್ಯೂಟರ್‌ನಲ್ಲಿ ನಿಮ್ಮ ಫೋಟೊ ಇರುತ್ತದೆ, ಆದರೆ ಕಡತದ ಹೆಸರು ಕೂಡ ಅವರಿಗೆ ಓದಲು ಬರುವುದಿಲ್ಲ. ಇಬ್ಬರು ಗೆಳೆಯರು ಒಬ್ಬರಿಗೊಬ್ಬರು ಹೀಗೆ ಜಾಗ ಕೊಟ್ಟುಕೊಂಡರೆ ಚೆನ್ನ. ಆದರೆ ಅದು ಸಿಂಕ್, ಹಾಗಾಗಿ ಮೇಲಿನ ಎಚ್ಚರಿಕೆ ಎಲ್ಲ ಅದಕ್ಕೂ ಅನ್ವಯ.

ವಠಾರದ ಬಾಗಿಲು

ಮನೆಯಿಂದ ಹೊರಗೆ ಇದ್ದಾಗ ಮನೆ ಯಂತ್ರವನ್ನು ತಲುಪುವುದು ಹೇಗೆ? ಇಲ್ಲಿ ತುಂಬಾ ಜನ ಸುಸ್ತಾಗಿ ಬಿಟ್ಟುಬಿಡುತ್ತಾರೆ.

ಇಂಟರ್ನೆಟ್‌ನಲ್ಲಿ ಪ್ರತಿ ಮನೆಗೂ ಒಂದು ವಿಳಾಸ ಬೇಕು. ಹಳೇ ಬಗೆಯ ವಿಳಾಸಗಳು ಸಾಲುತ್ತಿಲ್ಲ. ಹಾಗಾಗಿ ನೆಟ್ ಕೊಡುವವರು ಹಲವು ಮನೆಗಳಿಗೆ ಸೇರಿ ಒಂದೇ ಹೊರಗಿನ ವಿಳಾಸ ಕೊಡುತ್ತಾರೆ. ವಠಾರ ಇದ್ದ ಹಾಗೆ. ಬೀದಿಗೆ ಒಂದೇ ಬಾಗಿಲು, ಒಳಗೆ ಹತ್ತು ಮನೆ. ಒಳಗಿನವರು ಹೊರಗೆ ಹೋಗಿ ಬರಬಹುದು. ಹೊರಗಿನವರು ಬಂದರೆ ಯಾವ ಮನೆ ಅಂತ ಗೊತ್ತಾಗುವುದಿಲ್ಲ. ಫೋನಿನಿಂದ ನಿಮ್ಮ ಮನೆ ಯಂತ್ರಕ್ಕೆ ನೇರವಾಗಿ ಹೋಗಲಾಗದಿರುವುದಕ್ಕೆ ಬಹಳ ಸಲ ಇದೇ ಕಾರಣ.

ಸಿಂಕ್‌ಥಿಂಗ್ ಇದನ್ನು ತಾನೇ ಬಿಡಿಸಿಕೊಳ್ಳುತ್ತದೆ. ಎರಡು ಸಾಧನಗಳೂ ಒಳಗಿನಿಂದ ಹೊರಗೆ ಬಂದು ಭೇಟಿಯಾಗುತ್ತವೆ. ನೇರ ದಾರಿ ಸಿಗದಿದ್ದರೆ ಸ್ವಯಂಸೇವಕರು ನಡೆಸುವ ರಿಲೇ ಸರ್ವರ್ ಮೂಲಕ ಹಾಯಿಸುತ್ತದೆ. ಆ ದಾರಿ ನಿಧಾನ, ಆದರೆ ಹಾಯಿಸುವವರಿಗೆ ಒಳಗೆ ಏನಿದೆ ಅಂತ ಕಾಣುವುದಿಲ್ಲ. ಬೇರೆ ಕೆಲಸಗಳಿಗೆ ಟೇಲ್‌ಸ್ಕೇಲ್ ಬಳಸಬಹುದು. ಅದು ವೈರ್‌ಗಾರ್ಡ್ ಎಂಬ ತಂತ್ರದ ಮೇಲೆ ನಿಂತಿದೆ. ನಿಮ್ಮ ಸಾಧನಗಳ ನಡುವೆ ಮಾತ್ರ ಒಂದು ಖಾಸಗಿ ದಾರಿ ಹಾಕುತ್ತದೆ. ರೂಟರ್‌ನಲ್ಲಿ ಪೋರ್ಟ್ ತೆರೆದು ಮನೆ ಯಂತ್ರವನ್ನು ಇಡೀ ಜಗತ್ತಿಗೆ ತೋರಿಸುವ ಸಲಹೆ ಯೂಟ್ಯೂಬ್‌ನಲ್ಲಿ ಸಿಗುತ್ತದೆ. ದಯವಿಟ್ಟು ಬೇಡ. ತೆರೆದ ಬಾಗಿಲು ಹುಡುಕುವ ಯಂತ್ರಗಳು ಹಗಲೂ ರಾತ್ರಿ ಓಡಾಡುತ್ತಿರುತ್ತವೆ.

ನೋಡಲು ಗ್ಯಾಲರಿ ಬೇಕಲ್ಲ

ಸಿಂಕ್‌ಥಿಂಗ್ ಕಡತ ಸಾಗಿಸುತ್ತದೆ ಅಷ್ಟೇ. ‘ಅಜ್ಜಿ ಇರೋ ಫೋಟೊ ಎಲ್ಲ ತೋರಿಸು’ ಅಂದರೆ ಅದಕ್ಕೆ ಆಗುವುದಿಲ್ಲ. ಅದಕ್ಕೆ ಇಮಿಚ್ ಇದೆ. 2022ರಲ್ಲಿ ಅಲೆಕ್ಸ್ ಟ್ರಾನ್ ಶುರು ಮಾಡಿದ್ದು, 2025ರ ಅಕ್ಟೋಬರ್‌ನಲ್ಲಿ ಮೊದಲ ಸ್ಥಿರ ಆವೃತ್ತಿ ಬಂತು. ನೋಡಲು ಗೂಗಲ್ ಫೋಟೋಸ್ ಹಾಗೆಯೇ ಇದೆ. ಮುಖ ಗುರುತಿಸುತ್ತದೆ, ನಕ್ಷೆಯಲ್ಲಿ ಜಾಗ ತೋರಿಸುತ್ತದೆ, ಮಾತಿನಲ್ಲಿ ಹುಡುಕಬಹುದು. ಮುಖ ಗುರುತಿಸುವುದು, ಹುಡುಕುವುದು ನಿಮ್ಮ ಯಂತ್ರದೊಳಗೇ ನಡೆಯುತ್ತದೆ. 8 ಜಿಬಿ ರ್ಯಾಮ್ ಇದ್ದರೆ ಆರಾಮ. ಫೋನಿನಿಂದ ನೇರವಾಗಿ ಫೋಟೊ ಏರಿಸಲು ಅದರದ್ದೇ ಆ್ಯಪ್ ಇದೆ, ಐಫೋನ್‌ಗೂ ಇದೆ. ಹೆಸರು, ಆಲ್ಬಮ್ ಎಲ್ಲ ಅದು ಒಂದು ಡೇಟಾಬೇಸ್‌ನಲ್ಲಿ ಇಡುತ್ತದೆ. ಬ್ಯಾಕಪ್ ಮಾಡುವಾಗ ಫೋಟೊಗಳ ಜೊತೆ ಅದನ್ನೂ ಸೇರಿಸಬೇಕು. ಇಮಿಚ್ ತಂಡವೇ ತಮ್ಮ ಸಾಫ್ಟ್‌ವೇರನ್ನು ಫೋಟೊಗಳ ಒಂದೇ ಆಸರೆ ಮಾಡಿಕೊಳ್ಳಬೇಡಿ, 3-2-1 ಪಾಲಿಸಿ ಅಂತ ಬರೆದಿದೆ.

ಫೋಟೊ ಜೊತೆಗೆ ಕ್ಯಾಲೆಂಡರ್, ಫೋನ್ ನಂಬರ್, ಕಾಗದಪತ್ರ ಎಲ್ಲ ಬೇಕೆಂದರೆ ನೆಕ್ಸ್ಟ್‌ಕ್ಲೌಡ್ ಇದೆ. 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದದ್ದು. ಒಂದು ಸಣ್ಣ ಕಚೇರಿಗೆ ಒಳ್ಳೆಯದು. ಬರೀ ಮನೆ ಫೋಟೊಗೆ ನನಗೆ ಭಾರ ಅನ್ನಿಸಿತು.

ಯಂತ್ರಕ್ಕೆ ಹೊಸ ದುಡ್ಡು ಸುರಿಯಬೇಡಿ. ಮನೆಯಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪ್ ಸಾಕು. ಬ್ಯಾಟರಿ ಇನ್ನೂ ಸ್ವಲ್ಪ ಜೀವ ಹಿಡಿದಿದ್ದರೆ ಅದೇ ಯುಪಿಎಸ್. ಕರೆಂಟ್ ಹೋದ ಗಳಿಗೆಯಲ್ಲಿ ಡಿಸ್ಕ್ ಮೇಲೆ ಅರ್ಧ ಬರೆದದ್ದು ಕೆಡುವ ಭಯ ಕಡಿಮೆ. ಚಾರ್ಜ್ ಶೇ 80ಕ್ಕೆ ನಿಲ್ಲುವಂತೆ ಹೊಂದಿಸಿ, ಉಬ್ಬಿದ ಬ್ಯಾಟರಿ ಇದ್ದರೆ ಮಾತ್ರ ಮೊದಲು ತೆಗೆಸಿ. ಸದಾ 10 ವ್ಯಾಟ್ ಎಳೆದರೆ ತಿಂಗಳಿಗೆ 7.2 ಯೂನಿಟ್. ಬೆಸ್ಕಾಂ ಬಿಲ್‌ನಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಏಪ್ರಿಲ್ ಬಿಸಿಲಿಗೆ ಗಾಳಿ ಆಡುವ ಜಾಗದಲ್ಲಿಡಿ. ತಾರಸಿ ಕೆಳಗಿನ ಅಟ್ಟದಲ್ಲಿ ಬೇಡ.

ಇರುವುದನ್ನು ಇಳಿಸಿಕೊಳ್ಳುವುದು

ಗೂಗಲ್‌ನಲ್ಲಿ ಈಗಾಗಲೇ ಇರುವ ಫೋಟೊಗಳನ್ನು ಟೇಕ್‌ಔಟ್ ಸೇವೆಯಿಂದ ಇಳಿಸಿಕೊಳ್ಳಬಹುದು. ಜಿಪ್ ಕಡತಗಳಾಗಿ ಬರುತ್ತದೆ. ಇಳಿಸುವ ಲಿಂಕ್‌ಗೆ ಸುಮಾರು ಒಂದು ವಾರದ ಗಡುವು ಇರುತ್ತದೆ, ಹಾಗಾಗಿ ಬಿಡುವು ಇರುವ ವಾರ ನೋಡಿ ಕೇಳಿ. ಬಿಚ್ಚಿದಾಗ ಪ್ರತಿ ಫೋಟೊದ ಪಕ್ಕ ಜೇಸನ್ ಅನ್ನುವ ಸಣ್ಣ ಕಡತ ಕಾಣುತ್ತದೆ. ಕಸ ಅಂತ ಬಿಸಾಡಬೇಡಿ. ಕ್ಯಾಮೆರಾ ಫೋಟೊದಲ್ಲಿ ತಾರೀಖು ಒಳಗೇ ಬರೆದಿರುತ್ತದೆ. ಆದರೆ ಯಾರೋ ಫಾರ್ವರ್ಡ್ ಮಾಡಿದ್ದು, ಹಳೇ ಫೋಟೊ ಸ್ಕ್ಯಾನ್ ಮಾಡಿ ನೀವು ಕೈಯಾರೆ ತಾರೀಖು ಹಾಕಿದ್ದು, ಇಂಥವುಗಳ ತಾರೀಖು, ವಿವರಣೆ ಆ ಸಣ್ಣ ಕಡತದಲ್ಲಿ ಮಾತ್ರ ಇರುತ್ತದೆ. ಇಮಿಚ್‌ಗೆ ಸೇರಿಸುವಾಗ ಇಮಿಚ್-ಗೋ ಎಂಬ ಸಾಧನ ಎರಡನ್ನೂ ಓದಿ ಕೂಡಿಸುತ್ತದೆ. ಹೊಸ ಜಾಗದಲ್ಲಿ ಎಲ್ಲ ಸರಿ ಇದೆ ಅಂತ ಖಾತ್ರಿ ಆಗುವವರೆಗೆ ಹಳೇ ಜಾಗದಲ್ಲಿ ಒಂದನ್ನೂ ಅಳಿಸಬೇಡಿ.

ಗಡಿಗೆಯ ಬಾಯಿ ಕಟ್ಟಿದ ಮೇಲೂ ಅಜ್ಜಿ ನಡುನಡುವೆ ಬಿಚ್ಚಿ ಒಂದು ಹಿಡಿ ತೆಗೆದು ನೋಡುತ್ತಿದ್ದರು. ಹುಳ ಬಿದ್ದಿದೆಯಾ, ಮುಗ್ಗಿದೆಯಾ ಅಂತ. ಬ್ಯಾಕಪ್‌ಗೂ ಇದು ಬೇಕು. ರೆಸ್ಟಿಕ್‌ನಲ್ಲಿ ಎಲ್ಲ ತುಂಡುಗಳನ್ನೂ ಓದಿ ತಾಳೆ ನೋಡುವ ಆಜ್ಞೆ ಇದೆ. ದುರ್ಗದಿಂದ ಡಿಸ್ಕ್ ತಂದಾಗಲೆಲ್ಲ ಅದನ್ನು ಓಡಿಸುತ್ತೇನೆ. ಆಮೇಲೆ ಬೇರೆ ಬೇರೆ ವರ್ಷದ ಹತ್ತು ಫೋಟೊ, ಎರಡು ವಿಡಿಯೊ ಹೊರತೆಗೆದು ಕಣ್ಣಾರೆ ನೋಡುತ್ತೇನೆ.

ಕೊನೆಯದಾಗಿ ಒಂದು ಹಾಳೆಯ ವಿಷಯ. ಈ ವ್ಯವಸ್ಥೆ ಪೂರ್ತಿ ನನ್ನ ತಲೆಯಲ್ಲೇ ಇತ್ತು. ನಾನಿಲ್ಲದಿದ್ದರೆ ಗೂಢಲಿಪಿಯ ಡಿಸ್ಕ್ ಬರೀ ಲೋಹದ ತುಂಡು. ಪಾಸ್‌ವರ್ಡ್ ಕಳೆದರೆ ಯಾರಿಂದಲೂ ತೆರೆಯಲಾಗದು. ಅದಕ್ಕೆ ಕನ್ನಡದಲ್ಲಿ ಒಂದು ಹಾಳೆ ಬರೆದೆ. ಡಿಸ್ಕ್ ಎಲ್ಲಿದೆ, ಯಾವ ಕಂಪ್ಯೂಟರ್‌ಗೆ ಚುಚ್ಚಬೇಕು, ಏನು ಟೈಪ್ ಮಾಡಬೇಕು, ಪಾಸ್‌ವರ್ಡ್ ಏನು. ಒಂದು ನಮ್ಮ ಬೀರುವಿನಲ್ಲಿ ವಿಮೆ ಕಾಗದಗಳ ಜೊತೆ ಇದೆ, ಒಂದು ತಂಗಿಯ ಹತ್ತಿರ. ಕಳೆದ ದಸರಾ ರಜೆಯಲ್ಲಿ ತಂಗಿಯ ಮಗಳಿಗೆ ಆ ಹಾಳೆ ಕೊಟ್ಟು, ನಾನು ಪಕ್ಕದ ಕೋಣೆಗೆ ಹೋಗಿ ಕೂತೆ. ಅವಳ ಅಮ್ಮನ ಮದುವೆಯ ಒಂದು ಫೋಟೊ ಹುಡುಕಿ ತರಲು ಹೇಳಿದ್ದೆ. ನಲವತ್ತು ನಿಮಿಷ ಹಿಡಿಯಿತು. ಎರಡು ಕಡೆ ತೊಡಕಾಯಿತು. ನಾನು ಬರೆದ ಮಾತು ಅವಳಿಗೆ ಅರ್ಥ ಆಗಿರಲಿಲ್ಲ. ಆ ಎರಡು ಸಾಲನ್ನು ಅವಳ ಕೈಯಲ್ಲೇ, ಅವಳ ಮಾತಿನಲ್ಲೇ ತಿದ್ದಿಸಿದೆ. ಈಗ ಎರಡೂ ಬೀರುವಿನಲ್ಲಿ ಇರುವುದು ಅವಳು ತಿದ್ದಿದ ಹಾಳೆ.